ಭೂತ ಕಬಡ್ಡಿ ಕಂಪ್ಯೂಟರ್ ಏರಿದ್ದು

ಹೊನ್ನೇಶ ಸುಳ್ಳು ಹೇಳುವ ಮನುಷ್ಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದಿದ ಹಾಗೆ ನಿಮಗೆ ಬೇರೆಯೇ ಅನಿಸೀತು. ಅವನು ಹೇಳುವುದು ನಿಜವನ್ನೇ. ಆದರೆ ಸೀರೆ ಅಂಗಡಿಯಲ್ಲಿ ದುಡಿದೂ ದುಡಿದೂ ಯಾವ ವಸ್ತುವನ್ನೂ ಮಡಿಕೆಯಲ್ಲಿಟ್ಟು ತೋರಿಸುವುದು ಅವನಿಗೆ ಮರೆತೇ ಹೋಗಿದೆ. ಪೂರ್ತಿ ಬಿಚ್ಚಬೇಕು, ಸೆರಗು ಹರಡಬೇಕು, ಗಿರಾಕಿಯ ತೊಡೆಯ ಮೇಲೆಲ್ಲ ಹಾಸಬೇಕು, ಆಗಲೇ ಅವನಿಗೆ ಸಮಾಧಾನ.

ಇಂಥವನ ಹತ್ತಿರ ನನ್ನ ಮಗಳು ವಿದ್ಯಾಶ್ರೀ ಒಂದು ಮುಂಜಾನೆ ಹೋಗಿ, "ಕಾಕಾ, ಕಾಲೇಜಿನ್ಯಾಗ ಕಡೀ ವರ್ಷದ ಪ್ರಾಜೆಕ್ಟ್ ಮಾಡಬೇಕು. ನಿಮ್ಮ ಭೂತ ಕಬಡ್ಡಿನ ವಿಡಿಯೋ ಗೇಮ್ ಮಾಡ್ಲೇನು?" ಎಂದು ಕೇಳಿದಳು. ಕೇಳಿದ್ದು ಇಷ್ಟೇ. ಮಧ್ಯಾಹ್ನದ ಹೊತ್ತಿಗೆ ಅರ್ಧ ಬೆಟಗೇರಿಗೆ ಖಬರು ಮುಟ್ಟಿತು. ಹೊನ್ನೇಶನ ಆಟವನ್ನು ಒಂದು ಕಂಪನಿ ತಗೊಂಡಿದೆಯಂತೆ, ನಮ್ಮ ಓಣಿಯ ಮಂದಿಯನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾರಂತೆ.

"ಕಂಪನಿ ಎಲ್ಲೈತಿ ಲೇ?" ಎಂದು ನಾನು ಕೇಳಿದೆ.

"ನಿನ್ನ ಮಗಳು ಮುಂದ ಒಂದ್ ಕಂಪನಿ ತಗೀಲಾರದ ಇರ್ತಾಳೇನು? ತಗದ ತಗೀತಾಳ. ಅದನ್ನ ಈಗ ಹೇಳಿದ್ರ ಏನ್ ತಪ್ಪು?"

ಹೆತ್ತ ತಂದೆ ಇದನ್ನು ಸುಳ್ಳು ಅನ್ನುವುದು ಹೇಗೆ?

ನನ್ನ ಹೆಸರು ಕಳಕಪ್ಪ. ಗದಗಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತೇನೆ. ಇಡೀ ದಿನ ಬೇರೆಯವರ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದೇ ಉದ್ಯೋಗ. ಮನೆಗೆ ಬಂದ ಮೇಲೂ ಅದನ್ನೇ ಮಾಡುತ್ತೇನೆಂದು ನನ್ನ ಹೆಂಡತಿ ಮಾಳವ್ವ ದೂರುತ್ತಾಳೆ. ಅವಳ ದೂರಿನಲ್ಲೂ ಎರಡು ತಪ್ಪಿವೆ, ಇರಲಿ.

ಈಗ ಆಟದ ವಿಷಯ. ಹೊನ್ನೇಶ ನೇಕಾರರ ಮನೆಯವನು. ಅಪ್ಪನ ಕೈಮಗ್ಗದಲ್ಲಿ ಉಳಿದ ನೂಲಿನಿಂದ ಅವನು ಒಂದು ಚೌಕಳಿ ಹಾಸು ನೇಯ್ದ, ಪಗಡೆ ಹಾಸಿನ ಹಾಗೆ. ನಡುವೆ ಒಂದು ಕೆಂಪು ಗೆರೆ. ಗೆರೆಯ ಈಚೆ ಹುಣಸೆಮರದ ದೆವ್ವಗಳು, ಆಚೆ ಹಾಳುಬಾವಿಯ ರಾಕ್ಷಸರು. ಲಾಳಿಯೊಳಗೆ ನೂಲು ಸುತ್ತಿಡುವ ಹಳೆಯ ಕಂಡಿಕೆಗಳಿಗೆ ಕಣ್ಣು ಮೂಗು ಬರೆದು ಆಟದ ಕಾಯಿ ಮಾಡಿದ. ಕವಡೆ ಎಸೆಯಬೇಕು, ಬಿದ್ದಷ್ಟು ಮನೆ ನಮ್ಮ ದೆವ್ವ ಎದುರಾಳಿಯ ಕಡೆ ನುಗ್ಗಬೇಕು, ಸಿಕ್ಕ ರಾಕ್ಷಸನನ್ನು ಮುಟ್ಟಿ ವಾಪಸು ಬರಬೇಕು. ಹೊರಟಾಗಿನಿಂದ ಬರುವ ತನಕ ಆಡುವವರು ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಅನ್ನುತ್ತಲೇ ಇರಬೇಕು. ಉಸಿರು ಕಡಿಯಿತೋ, ದೆವ್ವ ಅಲ್ಲೇ ಭಸ್ಮ.

ಇಷ್ಟೇ ಆಗಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಆದರೆ ಹೊನ್ನೇಶ ಕಾಯಿಗಳಿಗೆ ಮುಖ ಬರೆಯುವಾಗ ಓಣಿಯ ಮಂದಿಯನ್ನು ನೋಡಿ ನೋಡಿ ಬರೆದ. ಒಬ್ಬೊಬ್ಬರಿಗೂ ಒಂದು ಶಕ್ತಿ, ಒಂದು ದೋಷ ಹಚ್ಚಿದ. ನನ್ನ ಮೂಗು, ನನ್ನ ಚಷ್ಮಾ ಇರುವ ಕಾಯಿಯ ಹೆಸರು ಬಾಯಿಬಡಕ ಪಿಶಾಚಿ. ಅದರ ದೋಷ ಏನೆಂದರೆ, ಎದುರಾಳಿ ಸಿಕ್ಕರೆ ಹಿಡಿಯುವುದು ಬಿಟ್ಟು ಒಂದು ಸರದಿ ಮಾತಾಡುತ್ತಾ ನಿಲ್ಲುತ್ತದೆ. ಇದರ ಬಗ್ಗೆ ನಾನು ಹೊನ್ನೇಶನಿಗೆ ಬಹಳ ಸಲ, ಬಹಳ ಹೊತ್ತು ತಿಳಿಸಿ ಹೇಳಿದ್ದೇನೆ. ಅವನು ತಿದ್ದಲಿಲ್ಲ.

ಭೂತ ಕಬಡ್ಡಿಯ ರಾಣಿ ಹೊನ್ನೇಶನ ಅವ್ವ, ಚೌಡವ್ವ. ಸಂಜೆಯಾದರೆ ಅವಳ ಮನೆಯ ಕಟ್ಟೆಯ ಮೇಲೆ ಹಾಸು ಬೀಳುತ್ತದೆ. ಎದುರಿಗೆ ಆಚೆ ಮನೆಯ ಗೌಸಬಿ ಕೂರುತ್ತಾಳೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಚೌಡವ್ವ ಈ ತನಕ ಸೋತಿಲ್ಲ. ಓಣಿಗೆ ಹೊಸ ಸೊಸೆ ಬಂದರೆ ಮೊದಲು ದೇವರಿಗೆ ಕೈಮುಗಿಸುತ್ತಾರೆ, ಆಮೇಲೆ ಚೌಡವ್ವನ ಎದುರು ಕೂರಿಸಿ ಸೋಲಿಸುತ್ತಾರೆ.

ಇದರಲ್ಲಿ ಒಂದು ಗುಟ್ಟಿದೆ. ಗುಟ್ಟು ಅಂದರೆ ಹೊನ್ನೇಶ ಒಬ್ಬನಿಗೆ ಬಿಟ್ಟು ಇಡೀ ಓಣಿಗೆ ಗೊತ್ತಿರುವಂಥದ್ದು. ಚೌಡವ್ವನ ದೆವ್ವ ಎದುರಾಳಿಯ ಅಂಗಳದ ತುದಿಗೆ ಮುಟ್ಟುವ ಹೊತ್ತಿಗೆ ಅವಳ ಕೈ ಸೆರಗಿಗೆ ಹೋಗುತ್ತದೆ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬಾಯಿಯನ್ನು ಮರೆಮಾಡಿ, ಮೂಗಿನಿಂದ ಒಂದು ಉಸಿರು ಎಳೆದುಕೊಂಡು, ಮತ್ತೆ "ಕಬಡ್ಡಿ ಕಬಡ್ಡಿ" ಎಂದು ಹೊರಡುತ್ತಾಳೆ. ಅವಳ ಕೈ ಸೆರಗಿಗೆ ಹೋಯಿತೆಂದರೆ ಗೌಸಬಿ ಎಲೆಅಡಿಕೆ ಚೀಲದಲ್ಲಿ ಸುಣ್ಣ ಹುಡುಕುತ್ತಾಳೆ. ನನ್ನ ಹೆಂಡತಿ ಇಲ್ಲದ ನಾಯಿಯನ್ನು "ಹಚಾ" ಅನ್ನುತ್ತಾಳೆ. ತಪ್ಪು ಹುಡುಕುವುದೇ ಉದ್ಯೋಗವಾದ ನಾನು ಕೂಡ ಮೇಲೆ ನೋಡಿ, ಇವತ್ತು ಮೋಡ ಆಗಿದೆ ಅನ್ನುತ್ತೇನೆ. ಹೊನ್ನೇಶ ಮಾತ್ರ ತಾನು ಮಾಡಿದ ಕಾಯಿಗಳನ್ನೇ ಕಣ್ಣು ತುಂಬಾ ನೋಡುತ್ತಾ ಕೂತಿರುತ್ತಾನೆ. ಅವನಿಗೆ ಅವ್ವನ ಉಸಿರೆಂದರೆ ಅವ್ವನ ಉಸಿರು.

ವಿದ್ಯಾಶ್ರೀ ಕೆಲಸ ಶುರು ಮಾಡಿದಳು. ಅವಳು ಲಕ್ಷ್ಮೇಶ್ವರದ ಕಡೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿ. ಹೊನ್ನೇಶ ಸೀರೆಯ ಅಂಚಿಗೆ ಚಿತ್ರ ಬರೆಯುವ ಚೌಕಳಿ ಹಾಳೆಯ ಮೇಲೆ ದೆವ್ವಗಳನ್ನು ಚುಕ್ಕಿ ಚುಕ್ಕಿಯಾಗಿ ಬರೆದುಕೊಟ್ಟ. ಅವಳು ಅವನ್ನು ಹಾಗೇ ಲ್ಯಾಪ್‌ಟಾಪಿಗೆ ಹಾಕಿದಳು. ನನ್ನ ಪಿಶಾಚಿ ಪರದೆಯ ಮೇಲೆ ಬಾಯಿ ಆಡಿಸುತ್ತಾ ನಡೆದದ್ದನ್ನು ನೋಡಿ ಮಾಳವ್ವನಿಗೆ ನಗು ತಡೆಯಲಾಗಲಿಲ್ಲ. "ಯವ್ವಾ, ಥೇಟ್ ಇವ್ರ ನೋಡು, ನಡಿಗಿ ಸುದ್ದಾ ಇವ್ರದ ಐತಿ" ಎಂದು ಓಣಿಗೆಲ್ಲ ಕೇಳುವ ಹಾಗೆ ನಕ್ಕಳು.

ಆಮೇಲೆ ಅವಳದೇ ಕಾಯಿ ಬಂತು. ಕೊಳ್ಳಿದೆವ್ವ. ಶಕ್ತಿ: ಓಟ. ದೋಷ: ಸಿಟ್ಟು ಬಂದರೆ ತನ್ನ ಕಡೆಯವರನ್ನೇ ಸುಡುತ್ತದೆ.

ನಗು ನಿಂತಿತು. "ವಿದ್ಯಾ, ಇದನ್ನ ಈಗಿಂದೀಗ ತಿದ್ದು."

"ಕಾಕಾನ ಆಟ ಇದ್ದಂಗ ಹಾಕಬೇಕವ್ವಾ."

"ಬಟ್ಟಿ ಮ್ಯಾಲ ಇದ್ದಾಗ ನಾ ಏನರ ಅಂದೇನು? ಇದು ಕಂಪ್ಯೂಟರ್ ಐತಿ! ಇದರಾಗ ಒಮ್ಮೆ ಬಿತ್ತಂದ್ರ ಮತ್ತ ಬದಲಿ ಆಗ್ತೈತೇನು?"

ಈ ಒಂದು ಮಾತು ಓಣಿಗೆ ಹಬ್ಬಿತು ನೋಡಿ, ಅಲ್ಲಿಗೆ ಮುಗಿಯಿತು. ನಮ್ಮ ಮಂದಿ ಕಂಪ್ಯೂಟರಿನ ಕೈಯಲ್ಲಿ ಪಟ್ಟ ಪಾಡು ಒಂದೆರಡಲ್ಲ. ಚೌಡವ್ವ ರೇಷನ್ ಕಾರ್ಡಿನಲ್ಲಿ ಗಂಡಸಾಗಿ ಬಿದ್ದವಳು, ಹೆಂಗಸಾಗಿ ಹೊರಬರಲು ಎರಡು ಮಳೆಗಾಲ ಹಿಡಿಯಿತು. ಗೌಸಬಿಯ ವಯಸ್ಸು ಇನ್ನೂ ಅದರಲ್ಲಿ ಅವಳ ಮಗಳಿಗಿಂತ ಕಡಿಮೆಯಿದೆ. ಹೀಗಾಗಿ ಕಂಪನಿಯವರು ಓಣಿಯ ಮಂದಿಯ ಗುಣದೋಷ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ, ಈಗ ತಿದ್ದಿಸಿಕೊಳ್ಳದಿದ್ದರೆ ಸಾಯುವ ತನಕ ಅದೇ ಗತಿ ಎಂದು ಎಲ್ಲರಿಗೂ ಎದೆ ಹಾರಿತು. ಮಾರನೆಯ ಮುಂಜಾನೆ ಹೊನ್ನೇಶನ ಮನೆಯ ಮುಂದೆ ಆಧಾರ್ ಝೆರಾಕ್ಸ್ ಮತ್ತು ಸಣ್ಣ ಫೋಟೋ ಹಿಡಿದ ಮಂದಿಯ ಪಾಳಿ ನಿಂತಿತ್ತು.

ಇಲ್ಲೇ ಹೊನ್ನೇಶ "ಇದು ಬರೇ ಆಟ ಐತಿ, ಮನಿಗೆ ಹೋಗ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಅವನ ಮನೆಯ ಮುಂದೆ ಯಾರೂ ಪಾಳಿ ಹಚ್ಚಿರಲಿಲ್ಲ. ಅವನು ಒಳಗೆ ಹೋಗಿ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ.

"ಒಬ್ಬೊಬ್ಬರ ಬರ್ರಿ. ಕುಂಡ್ರಿ. ನಿಮ್ದು ಯಾವ ದೆವ್ವ?"

"ನಂದು ನಿದ್ದಿಬಡಕ ರಾಕ್ಷಸ ಅಂತ ಹಾಕೀರಿ. ಹಂಗಿದ್ರ ನನ್ನ ಮಗಗ ಹೆಣ್ಣು ಯಾರ್ ಕೊಡ್ತಾರ್ರೀ? ರಾಕ್ಷಸ ಇರ್ಲಿ, ನಿದ್ದಿ ತಗೀರಿ."

"ಆತು, ನಿದ್ದಿ ತಗದು ಯೋಗ ಅಂತ ಹಾಕೂಣು."

ಹತ್ತು ಗಂಟೆಯ ಹೊತ್ತಿಗೆ ಹಿರೇವಡ್ಡಟ್ಟಿಯಿಂದ ಹೊನ್ನೇಶನ ಹೆಂಡತಿಯ ತಮ್ಮ ಫಕೀರೇಶ ಬೈಕಿನ ಮೇಲೆ ಬಂದಿಳಿದ. ಹೆಗಲ ಚೀಲದಲ್ಲಿ ಅರ್ಧ ಊರಿನ ಫೋಟೋ.

"ಏನ್ ಮಾವಾ, ನಿಮ್ಮ ಓಣಿ ಮಂದಿಗೆ ಅಷ್ಟ ಏರಸ್ತೀರಿ, ಬೀಗರು ಕಣ್ಣಿಗೆ ಬೀಳಲಿಲ್ಲೇನು? ನಮ್ಮೂರಾಗ ಒಬ್ಬೊಬ್ಬರ ನೋಡ್ರಿ, ದೆವ್ವ ಇದ್ದಂಗ ಅದಾರ!"

"ಜಾಗಾ ಇಲ್ಲೋ ಫಕೀರ್ಯಾ."

"ಜಾಗಾ ಇಲ್ಲಂದ್ರ ಹಾಳಬಾವಿ ಅಗಲ ಮಾಡ್ರಿ. ಊರಾಗ ನಾ ಮಾತು ಕೊಟ್ಟು ಬಂದೀನಿ."

ಹೊನ್ನೇಶ ಬಾವಿ ಅಗಲ ಮಾಡಿಸುವುದಾಗಿ ಒಪ್ಪಿಕೊಂಡ. ಅವನ ಬಾಯಿಯಲ್ಲಿ ಇಲ್ಲ ಅನ್ನುವ ಶಬ್ದ ಹುಟ್ಟುವುದಿಲ್ಲ, ಗಿರಾಕಿಗೆ ಇಲ್ಲ ಅನ್ನಬಾರದೆಂದು ಅಂಗಡಿಯಲ್ಲಿ ಕಲಿಸಿದ್ದಾರೆ.

ಮೂರನೆಯ ದಿನ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಸಾಹೇಬರು ಬಂದರು. ಯಾವ ಇಲಾಖೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಇಲ್ಲಿ ನೋಂದಣಿ ಕ್ಯಾಂಪ್ ನಡಸಾವ್ರು ಯಾರ್ರಿ? ಪರವಾನಗಿ ಎಲ್ಲೈತಿ?"

ಹೊನ್ನೇಶನ ಇಸ್ತ್ರಿ ಅಂಗಿ ಬೆವರಿನಲ್ಲಿ ತೊಯ್ದಿತು. "ನೋಂದಣಿ ಅಲ್ರೀ ಸಾಹೇಬ್ರ. ದೆವ್ವ ಅದಾವ್ರೀ."

"ದೆವ್ವಕ್ಕ ಆಧಾರ್ ಕಾರ್ಡ್ ಯಾಕ್ರೀ?"

"ನಾ ಏನ್ ಕೇಳಿಲ್ರೀ. ಅವರ ತಂದು ಕೊಡಾಕತ್ತಾರ್ರೀ."

"ಕೊಟ್ಟಿದ್ದು ತಗೊಂಡು ಏನ್ ಮಾಡ್ತೀರಿ?"

"ನಿದ್ದಿಬಡಕತನ ತಗದು ಯೋಗ ಹಾಕ್ತೀನ್ರೀ."

ಸಾಹೇಬರು ಕಟ್ಟೆಯ ಮೇಲೆ ಕುಸಿದು ಕೂತರು. ಆಗ ನಾನು ನಡುವೆ ಹೋಗಿ, ಇದು ಆಟ, ಹುಡುಗಿಯ ಕಾಲೇಜಿನ ಕೆಲಸ ಎಂದು ಮೊದಲಿನಿಂದ ತಿಳಿಸಿ ಹೇಳಿದೆ. ನಾನು ಹೇಳುತ್ತಿರುವಾಗ ಹೊನ್ನೇಶ ಕೈಬೆರಳು ತೋರಿಸಿ, "ನೋಡ್ರಿ ಸಾಹೇಬ್ರ, ಬಾಯಿಬಡಕ ಪಿಶಾಚಿ ಅಂತ ಬರದಿದ್ದು ಸುಳ್ಳೇನ್ರೀ?" ಎಂದ. ಸಾಹೇಬರು ನಕ್ಕರು, ಚಹಾ ಕುಡಿದರು, ಮಿರ್ಚಿ ಭಜಿ ತಿಂದರು. ಎಲ್ಲರ ಝೆರಾಕ್ಸನ್ನು ಎಲ್ಲರಿಗೂ ವಾಪಸು ಕೊಡಿಸಿ, ಇದು ಸರಕಾರಿ ಕೆಲಸ ಅಲ್ಲ ಎಂದು ಗಟ್ಟಿಯಾಗಿ ಸಾರಿದರು. ಹೋಗುವಾಗ ಹೊನ್ನೇಶನನ್ನು ಪಕ್ಕಕ್ಕೆ ಕರೆದು, "ನಂದೂ ಒಂದ್ ಸಣ್ಣ ದೆವ್ವ ಇದ್ದಿದ್ರ ನಮ್ಮ ಮನಿಯಾಕಿ ಭಾಳ ಖುಷಿ ಪಡ್ತಿದ್ಲು. ಎಲ್ಲ ಕೆಲಸ ಜಲ್ದಿ ಮಾಡ್ತೈತಿ ಅಂತ ಹಾಕ್ರಿ" ಎಂದರು. ನಾನು ಕೆಂಪು ಪೆನ್ನಿಗಾಗಿ ಜೇಬು ತಡವಿದೆ.

ಸರಕಾರಿ ಅಲ್ಲ ಎಂದು ಸರಕಾರದವರೇ ಹೇಳಿದ ಮೇಲೆ ಓಣಿಯ ಅರ್ಧ ಗಾಬರಿ ಇಳಿಯಿತು. ಆದರೆ ಚೌಡವ್ವನ ಗಾಬರಿ ಇಳಿಯಲಿಲ್ಲ. ಯಾಕೆಂದರೆ ಅವಳಿಗೆ ಬೇರೊಂದು ಸುದ್ದಿ ತಿಳಿದಿತ್ತು. ವಿದ್ಯಾಶ್ರೀಯ ಗೇಮಿನಲ್ಲಿ ಕೈಗಿಂತ ಕಿವಿ ಮುಖ್ಯ. ಆಡುವವರು ಲ್ಯಾಪ್‌ಟಾಪಿನ ಮುಂದೆ ಕೂತು ಬಾಯಿಂದ "ಕಬಡ್ಡಿ ಕಬಡ್ಡಿ" ಅನ್ನಬೇಕು. ಅದರ ಮೈಕು ಕೇಳಿಸಿಕೊಳ್ಳುತ್ತಾ ಇರುತ್ತದೆ. ದನಿ ಎಳೆಯಷ್ಟು ಕಡಿದರೂ ಪರದೆಯ ಮೇಲಿನ ದೆವ್ವ ಭಸ್ಮ.

ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದು ವಿದ್ಯಾಶ್ರೀಯ ಹತ್ತಿರ ಕೂತಳು.

"ತಂಗೀ, ಇದಕ್ಕ ಕಿವಿ ಎಷ್ಟು ಚುರುಕ ಐತಿ?"

"ಭಾಳ ಚುರುಕ ಐತಿ ಅಜ್ಜಿ."

"ಇದು ಮ್ಯಾಲ ಮೋಡ ನೋಡೂದಿಲ್ಲಲ್ಲ?"

ವಿದ್ಯಾಶ್ರೀಗೆ ಅರ್ಥವಾಯಿತು. ಒಳಗೆ ರೊಟ್ಟಿ ತಿನ್ನುತ್ತಾ ಕೂತಿದ್ದ ನನಗೂ ಅರ್ಥವಾಯಿತು. ಮೋಡದ ಕಡೆ ನೋಡುತ್ತಿದ್ದವನು ನಾನು. ಮುದುಕಿಗೆ ಎಲ್ಲವೂ ಗೊತ್ತಿತ್ತು.

"ಇದರಾಗ ಸೋತ್ರ ಸೋತದ್ದು ಹಂಗ ಉಳೀತೈತಿ, ಹೌದಿಲ್ಲ? ನಾ ಹೋದ ಮ್ಯಾಲೂ ಚೌಡವ್ವ ಸೋತ್ಲು ಅಂತ ತೋರಸ್ತೈತಿ." ಅವಳು ಸೆರಗನ್ನು ಮಡಿಲಲ್ಲಿ ಹಿಚುಕುತ್ತಾ ಕೂತಳು. "ನನಗ ಮತ್ತೇನೂ ಬರೂದಿಲ್ಲವಾ. ಇದೊಂದರಾಗ ನಾ ದೊಡ್ಡಾಕಿ ಅನಿಸ್ಕೊಂಡೀನಿ."

ನಾನು ರೊಟ್ಟಿಯ ತಾಟು ಪಕ್ಕಕ್ಕೆ ಸರಿಸಿದೆ. ನಿಜ ಹೇಳುತ್ತೇನೆ, ಅವತ್ತು ನನಗೆ ಬಹಳ ಕೆಟ್ಟದೆನಿಸಿತು.

"ಬ್ಯಾಡಂದ್ರ ಆಡಬ್ಯಾಡ್ರಿ ಅಜ್ಜಿ" ಎಂದಳು ವಿದ್ಯಾಶ್ರೀ.

ಆದರೆ ಅದಕ್ಕೆ ದಾರಿ ಎಲ್ಲಿತ್ತು? ಹೊನ್ನೇಶ ಅಷ್ಟರಲ್ಲಿ ಸೆರಗು ಪೂರ್ತಿ ಹರಡಿದ್ದ. ವಿದ್ಯಾಶ್ರೀಯ ಪ್ರಾಜೆಕ್ಟ್ ನೋಡುವ ಸುನಿಲಕುಮಾರ ಸರ್‌ಗೆ ಅವನೇ ಫೋನು ಹಚ್ಚಿ, "ಸರ್, ಕಾಲೇಜಿನ್ಯಾಗ ನೋಡಿದ್ರ ಏನ್ ಬಂತ್ರಿ? ರವಿವಾರ ಬೆಟಗೇರಿಗೆ ಬರ್ರಿ. ನಮ್ಮವ್ವ ಆಡ್ತಾಳ. ಆಕಿ ಉಸಿರು ಹಿಡದ್ಲಂದ್ರ ನಿಮ್ಮ ಯಂತ್ರ ದಣಿದು ಬಂದ್ ಆಗಬೇಕು!" ಎಂದಿದ್ದ. ಸರ್ ಮುಂಡರಗಿಯವರು, ಕಬಡ್ಡಿ ಎಂದರೆ ಅವರಿಗೂ ಪ್ರಾಣ. ಬರುತ್ತೇನೆ, ಅಲ್ಲೇ ನೋಡಿ ಮಾರ್ಕ್ಸ್ ಹಾಕುತ್ತೇನೆ ಎಂದುಬಿಟ್ಟರು.

ಸಾಲದ್ದಕ್ಕೆ ಆ ಸಂಜೆ ವಿದ್ಯಾಶ್ರೀಗೆ ಹೇಳಿದ, "ತಂಗೀ, ಇದರ ಕಿವಿ ಇನ್ನಾ ಚುರುಕು ಮಾಡು. ಸೊಳ್ಳಿ ಉಸಿರಾಡಿದ್ರೂ ಗೊತ್ತಾಗಬೇಕು. ಆಮ್ಯಾಲ ಯಾರೂ ನಮ್ಮವ್ವನ ಮ್ಯಾಲ ಸಂಶೆ ಪಡಬಾರದು."

ಓಣಿಯ ಮಂದಿ ಅವನನ್ನು ತಡೆಯಲು ಮಾಡದ ಪ್ರಯತ್ನವಿಲ್ಲ. ಆದರೆ ನಿಮ್ಮ ಅವ್ವ ಮೋಸ ಮಾಡುತ್ತಾಳೆ ಎಂದು ಮಗನಿಗೆ ಯಾರು ಹೇಳಬೇಕು?

ನಾನು ಹೋದೆ. "ಹೊನ್ಯಾ, ರವಿವಾರ ಅಮಾವಾಸಿ ಐತಿ."

"ದೆವ್ವಗಳಿಗೆ ಅದಕ್ಕಿಂತ ಛಲೋ ದಿನ ಯಾವ್ದು?"

ಮಾಳವ್ವ ಹೋದಳು. "ಚೌಡವ್ವಾಯಿಗೆ ವಯಸ್ಸಾತು, ದಣಿವು ಆಗ್ತೈತಿ."

"ದಣಿವು? ನಮ್ಮವ್ವಗ? ಶಿರಹಟ್ಟಿ ತನಕ ಕಬಡ್ಡಿ ಅಂತ ಓಡಿ ಬಾ ಅನ್ರಿ, ಬರ್ತಾಳ."

ಕೊನೆಗೆ ಶನಿವಾರ ಸಂಜೆ ಗೌಸಬಿಯೇ ಕೋಲೂರಿಕೊಂಡು ಬಂದಳು. ಚೌಡವ್ವ ಒಳಗಿದ್ದಳು. ಕಟ್ಟೆಯ ಮೇಲೆ ಹೊನ್ನೇಶ, ಪಕ್ಕದಲ್ಲಿ ನಾನು.

"ಬೇಟಾ, ನಿಮ್ಮವ್ವ ನಡುವ ಮೂಗಿಲೆ ಉಸಿರು ತಗೋತಾಳ."

"ಯಾವಾಗ?"

"ದಿನಾ."

ಹೊನ್ನೇಶ ನಕ್ಕ. ಯಾರೂ ನಗದಿದ್ದುದನ್ನು ನೋಡಿ ನನ್ನ ಮುಖ ನೋಡಿದ. ನಾನು ಮೇಲೆ ನೋಡಿದೆ. ಆಗ ಅವನಿಗೆ ನನ್ನ ಮೋಡಗಳೆಲ್ಲ ಒಟ್ಟಿಗೆ ಅರ್ಥವಾದವು.

"ಖರೇನು ಕಳಕಪ್ಪಾ? ಮತ್ತ ಇಷ್ಟು ದಿವಸ ಯಾಕ ಹೇಳಲಿಲ್ಲ?"

ನನಗಿಂತ ಮೊದಲು ಗೌಸಬಿ ಹೇಳಿದಳು. "ನಿಮ್ಮಪ್ಪ ತೀರ್ಕೊಂಡ ವರ್ಷ ನೆಪ್ಪೈತೇನು? ನಿಮ್ಮವ್ವ ಮಗ್ಗದ ಕುಣಿ ಮುಂದ ಕುಂತು ಬಾಯಿ ಬಿಡೂದ ಬಿಟ್ಟಿದ್ಲು. ಉಂಡಿಯಾ ಅಂದ್ರ ಇಲ್ಲ, ಮಲಗ್ತೀಯಾ ಅಂದ್ರ ಇಲ್ಲ. ಆಕಿ ಬಾಯಿ ಬಿಡಲಿ ಅಂತ ನೀನ ಈ ಆಟ ಮಾಡಿದಿ. ದಿನಾ ಕುಂದರಿಸಿದಿ. ಒಂದ್ ಸಂಜಿ ಕಬಡ್ಡಿ ಅಂದ್ಲು. ಸಣ್ಣ ದನಿ. ನಡುವ ಉಸಿರು ತಗೊಂಡ್ಲು. ನೀ ಖುಷಿಲೆ ಕುಣಿಯಾಕತ್ತಿದ್ದಿ. ನಾನು ಎದುರಿಗಿದ್ದೆ. ಏನ್ ಮಾಡ್ಲಿ? ಔಟಾತು ಅನ್ಲೇನು?"

ಹೊನ್ನೇಶ ಒಳಗೆ ಅವ್ವ ಇದ್ದ ಕಡೆ ತಿರುಗಿ ನೋಡಿದ.

"ಅವತ್ತು ಅನ್ನಲಿಲ್ಲ. ಮರುದಿನ ಹೆಂಗ ಅನ್ನೂದು?"

ಹೊನ್ನೇಶ ಎದ್ದು ನೆಟ್ಟಗೆ ನಮ್ಮ ಮನೆಗೆ ಓಡಿದ, ಹಿಂದೆಯೇ ನಾನು. "ವಿದ್ಯಾ, ಅದರ ಕಿವಿ ಕಿತ್ತು ಒಗಿ!"

"ಕಾಕಾ, ಕಿವಿ ತಗದ್ರ ಅದರಾಗ ಏನೂ ಉಳಿಯೂದಿಲ್ಲ. ಸರ್ ನೋಡಾಕ ಬರೂದ ಅದನ್ನ."

"ಕೆಪ್ಪ ಮಾಡು, ಸ್ವಲ್ಪ."

"ಅದನ್ನೂ ಮಾಡ್ತಿದ್ದೆ. ನೀವ ಸರ್‌ಗೆ ಮತ್ತೊಮ್ಮೆ ಫೋನ್ ಮಾಡಿ ಸೊಳ್ಳಿ ಉಸಿರು ಸುದ್ದಾ ಕೇಳ್ತೈತಿ ಅಂದೀರಿ. ಅವ್ರು ಮೊದಲು ಅದನ್ನ ನೋಡ್ತಾರಂತ."

ಹೊನ್ನೇಶ ತಲೆಯ ಮೇಲೆ ಕೈ ಹೊತ್ತು ಕೂತ. ಮಗಳು ಅವಲಕ್ಕಿ ತರಲು ಒಳಗೆ ಹೋದಾಗ ಅವನು ಹೆಂಡತಿ ಕಾವೇರಿಗೆಂದು ಪೇಟೆಯಿಂದ ತಂದಿದ್ದ ಹಣೆಬೊಟ್ಟಿನ ಚೀಟಿಯನ್ನು ಜೇಬಿನಿಂದ ತೆಗೆದು, ಒಂದು ದೊಡ್ಡ ಕೆಂಪು ಬೊಟ್ಟನ್ನು ಲ್ಯಾಪ್‌ಟಾಪಿನ ನೆತ್ತಿಯ ಮೇಲಿನ ತೂತಿಗೆ ಒತ್ತಿ ಅಂಟಿಸಿದ್ದನ್ನು ನಾನು ನೋಡಿದೆ. ಕಿವಿ ಮುಚ್ಚಿದೆ ಎಂದು ಅವನ ಮುಖ ಅರಳಿತು. ಅದು ಕ್ಯಾಮೆರಾ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ರವಿವಾರ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಿರೇವಡ್ಡಟ್ಟಿಯಿಂದ ಫಕೀರೇಶ ಒಂದು ಟಂಟಂ ಗಾಡಿ ತುಂಬಾ ಮಂದಿ ತಂದಿದ್ದ. ಗುರುತಿನ ಚೀಟಿಯ ಸಾಹೇಬರು ಮನೆಯವರನ್ನು ಕರೆದುಕೊಂಡು ಬಂದಿದ್ದರು. ಲ್ಯಾಪ್‌ಟಾಪಿನ ಚಿತ್ರ ದೊಡ್ಡದಾಗಿ ಕಾಣಲೆಂದು ಹೊನ್ನೇಶನ ಮನೆಯ ಟಿವಿಯನ್ನು ಹೊರಗೆ ತಂದು ಜೋಡಿಸಿದ್ದರು. ಸುನಿಲಕುಮಾರ ಸರ್ ಮುಂದಿನ ಕುರ್ಚಿಯಲ್ಲಿ ಕೂತು, "ಈ ಬೊಟ್ಟು ಯಾಕಮ್ಮಾ?" ಎಂದು ಕೇಳಿದರು. "ಪೂಜಾ ಮಾಡೇವ್ರಿ ಸರ್" ಎಂದು ಹೊನ್ನೇಶ ಹಲ್ಲು ಕಿರಿದ. ಸರ್ ಸುಮ್ಮನೆ ಮೈಕಿನ ಮುಂದೆ ಎರಡು ಸಲ ಕಬಡ್ಡಿ ಅಂದು, ಸಣ್ಣಗೆ ಉಸಿರು ಎಳೆದುಕೊಂಡರು. ಟಿವಿಯಲ್ಲಿ ದೆವ್ವ ಹೊಗೆಯಾಗಿ ಹೋಯಿತು. "ವಾಹ್" ಎಂದರು ಸರ್. ಹೊನ್ನೇಶನ ಮುಖದ ಬಣ್ಣವೂ ಅದರ ಜೊತೆಗೇ ಹೋಯಿತು.

ಅವನು ಅವ್ವನ ಹತ್ತಿರ ಬಗ್ಗಿ, "ಯವ್ವಾ, ಹೊಟ್ಟಿನೋವು ಅಂದುಬಿಡು" ಎಂದು ಪಿಸುಗುಟ್ಟಿದ.

ಚೌಡವ್ವ ಪಟ್ಟೆದಂಚಿನ ಹೊಸ ಸೀರೆ ಉಟ್ಟಿದ್ದಳು. ಮಗನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇಷ್ಟು ಮಂದಿನ್ನ ಕೂಡಿಸಿ ಈಗ ಹೊಟ್ಟಿನೋವು ಅನ್ಲೇನು? ಸರಿ ಅತ್ತಾಗ."

ಮೊದಲು ಗೌಸಬಿಯ ಸರದಿ. ಅವಳ ರಾಕ್ಷಸ ಗೆರೆ ದಾಟಿ ಎರಡು ಮನೆ ಹೋಗುವಷ್ಟರಲ್ಲಿ ಅವಳು ಬೇಕೆಂದೇ ಕೆಮ್ಮಿದಳು. ಭಸ್ಮ. ಇನ್ನು ಚೌಡವ್ವ ಒಂದು ರಾಕ್ಷಸನನ್ನು ಮುಟ್ಟಿ ವಾಪಸು ಬಂದರೆ ಸಾಕು, ಆಟ ಅವಳದು. ಪರದೆಯ ಮೇಲೆ ಕವಡೆ ಬಿದ್ದವು. ದೊಡ್ಡ ಗರ. ಹತ್ತಿರ ನಿಂತ ರಾಕ್ಷಸ ಒಬ್ಬನೂ ಇರಲಿಲ್ಲ, ಇದ್ದವನು ಬಾವಿಯ ದಂಡೆಯಲ್ಲಿದ್ದ. ಹೊನ್ನೇಶ ಫಕೀರೇಶನ ಮಾತಿಗೆ ಆ ಬಾವಿಯನ್ನು ಅಗಲ ಬೇರೆ ಮಾಡಿಸಿದ್ದ.

ಚೌಡವ್ವ ಎದೆತುಂಬ ಉಸಿರು ತುಂಬಿಕೊಂಡಳು. "ಕಬಡ್ಡಿ ಕಬಡ್ಡಿ ಕಬಡ್ಡಿ..."

ದೆವ್ವ ಓಡಿತು. ಓಣಿಯಲ್ಲಿ ಸದ್ದಿಲ್ಲ. ನನ್ನ ಪಿಶಾಚಿಯನ್ನು ದಾಟಿತು, ಕೊಳ್ಳಿದೆವ್ವವನ್ನು ದಾಟಿತು, ಕೆಂಪು ಗೆರೆ ದಾಟಿತು. ಬಾವಿಯ ದಂಡೆಗೆ ಮುಟ್ಟಿ ರಾಕ್ಷಸನನ್ನು ತಟ್ಟಿತು. ಓಣಿ ಹೋ ಎಂದಿತು, ಕೂಡಲೇ ಬಾಯಿ ಮುಚ್ಚಿಕೊಂಡಿತು. ಇನ್ನು ವಾಪಸು ಬರಬೇಕು. ಚೌಡವ್ವನ ದನಿ ಸಣ್ಣದಾಯಿತು. ಕೊರಳ ನರ ಎದ್ದವು. ಅವಳ ಕೈ ಸೆರಗಿಗೆ ಹೋಯಿತು.

ಅಭ್ಯಾಸಬಲದಿಂದ ಇಡೀ ಓಣಿ ಬೇರೆ ಕಡೆ ನೋಡಿತು. ಹಿರೇವಡ್ಡಟ್ಟಿಯವರೂ ಏನೋ ಇದೆಯೆಂದು ಮೇಲೆ ನೋಡಿದರು. ಆದರೆ ಲ್ಯಾಪ್‌ಟಾಪಿಗೆ ತಿರುಗಲು ಕುತ್ತಿಗೆ ಇರಲಿಲ್ಲ. ಚೌಡವ್ವನಿಗೂ ಅದು ಗೊತ್ತಿತ್ತು. ಸೆರಗಿನ ಮೇಲಿಟ್ಟ ಕೈಯನ್ನು ಅವಳು ಬಾಯಿಗೆ ಒಯ್ಯಲಿಲ್ಲ. ಬಾಯಿಯಲ್ಲಿ "ಬಡ್ಡಿ... ಬಡ್..." ಅಷ್ಟೇ ಉಳಿದಿತ್ತು.

ಆಗ ಅವಳ ಬೆನ್ನ ಹಿಂದಿನಿಂದ, ಅವಳ ದನಿಯಷ್ಟೇ ಸಣ್ಣ ದನಿಯಲ್ಲಿ, "ಕಬಡ್ಡಿ ಕಬಡ್ಡಿ" ಎಂದು ಕೇಳಿತು. ಗೌಸಬಿ. ಸುಣ್ಣ ಹುಡುಕುತ್ತಾ ತಲೆ ಬಗ್ಗಿಸಿಯೇ ಅನ್ನುತ್ತಿದ್ದಳು. ಚೌಡವ್ವನ ದನಿ ನಿಂತಿತು, ದೆವ್ವ ನಿಲ್ಲಲಿಲ್ಲ. ಗೌಸಬಿಗೆ ಉಸಿರು ಸಾಲದೆ ಹೋದಾಗ ಮಾಳವ್ವ ಹಿಡಿದಳು, ಕೊಳ್ಳಿದೆವ್ವದ ಪೂರ್ತಿ ಜೋರಿನಲ್ಲಿ. ಮಾಳವ್ವನ ಹಿಂದೆ ನಾನು. ನನ್ನ ಹಿಂದೆ ನಿದ್ದೆಬಡಕ ರಾಕ್ಷಸ, ಕಾವೇರಿ, ಫಕೀರೇಶ, ಅವನ ಟಂಟಂ. ಗುರುತಿನ ಚೀಟಿಯ ಸಾಹೇಬರು ಚೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಶುರು ಮಾಡಿದರು. ಓಣಿ ತುಂಬಾ ಕಬಡ್ಡಿ ಕಬಡ್ಡಿ ಕಬಡ್ಡಿ. ಸೊಳ್ಳೆಯ ಉಸಿರು ಕೇಳುವ ಕಿವಿಗೆ ಒಂದು ಕಡಿತವೂ ಸಿಗಲಿಲ್ಲ. ಹೊನ್ನೇಶ ಅಳುತ್ತಾ ಅನ್ನುತ್ತಿದ್ದ, ಅವನ ಕಬಡ್ಡಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಸುನಿಲಕುಮಾರ ಸರ್ ವಿದ್ಯಾಶ್ರೀಯ ಕಡೆ ತಿರುಗಿದರು. "ಇದೇನಮ್ಮಾ? ಇದು ಗೇಮಿನ ದೋಷ ಅಲ್ಲೇನು?"

ಮಗಳ ಮುಖ ಬಿಳಿಚಿಕೊಂಡಿತ್ತು. ಅವಳ ಮಾರ್ಕ್ಸ್ ಆ ಕುರ್ಚಿಯ ಮೇಲೆ ಕೂತಿತ್ತು. ಆದರೂ ಹೇಳಿದಳು, "ದೋಷ ಅಲ್ರೀ ಸರ್. ನಮ್ಮ ಓಣ್ಯಾಗ ಈ ಆಟ ಆಡೂದ ಹಿಂಗ."

ಸರ್ ಟಿವಿ ನೋಡಿದರು. ದೆವ್ವ ಗೆರೆಗೆ ಇನ್ನೂ ಎರಡು ಮನೆ ದೂರವಿತ್ತು, ಮಂದಿಯ ದನಿ ಒಡೆಯತೊಡಗಿತ್ತು. ಅವರು ಎದ್ದು ನಿಂತರು, ಪ್ಯಾಂಟು ಮೇಲೆಳೆದುಕೊಂಡರು, ಮುಂಡರಗಿಯ ಮೈದಾನದ ಗಂಟಲು ತೆಗೆದು "ಕಬಡ್ಡೀ ಕಬಡ್ಡೀ ಕಬಡ್ಡೀ" ಎಂದು ತೊಡೆ ತಟ್ಟಿದರು. ದೆವ್ವ ಗೆರೆ ದಾಟಿ ಮನೆ ಸೇರಿತು. ಟಿವಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: ಚೌಡವ್ವ ಗೆದ್ದಳು, ಒಂದೇ ಉಸಿರಿನಲ್ಲಿ.

ನಾವು ಕುಣಿಯುವವರಿದ್ದೆವು. ಅಷ್ಟರಲ್ಲಿ ಚೌಡವ್ವ ಎದ್ದು ನಿಂತು, ಸ್ವಲ್ಪ ಹೊತ್ತು ದಣಿವಾರಿಸಿಕೊಂಡು, ಕಣ್ಣೊರೆಸಿಕೊಂಡಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎಲ್ಲರನ್ನೂ ಒಂದು ಸುತ್ತು ನೋಡಿದಳು.

"ಯಾರ್ಲೇ ಅದು ನಡುವ ಬಾಯಿ ಹಾಕಿದವ್ರು? ನಂದ ಉಸಿರು ಇನ್ನಾ ಇತ್ತು! ಗೌಸಬಿ, ನಿನಗಂತೂ ಬುದ್ಧಿ ಇಲ್ಲ. ಏ ಹೊನ್ನೇಶಾ, ನೀ ಅಳೂದಿದ್ರ ಒಳಗ ಹೋಗಿ ಅಳು, ಆಟದಾಗ ಅಲ್ಲ. ನಾ ಒಬ್ಬಾಕಿನ ಗೆಲ್ತಿದ್ದಿಲ್ಲೇನು?"

"ಗೆಲ್ತಿದ್ದಿ ಯವ್ವಾ, ತಪ್ಪಾತು" ಎಂದ ಹೊನ್ನೇಶ ಕಣ್ಣೀರು ಸುರಿಸುತ್ತಾ.

"ತಪ್ಪಾತವಾ" ಎಂದಳು ಗೌಸಬಿ. ಮಾಳವ್ವ ತಲೆ ತಗ್ಗಿಸಿದಳು, ಸಾಹೇಬರು ತಗ್ಗಿಸಿದರು, ಹಿರೇವಡ್ಡಟ್ಟಿ ತಗ್ಗಿಸಿತು. ಚೌಡವ್ವನ ಕಣ್ಣು ಕೊನೆಗೆ ಮುಂದಿನ ಕುರ್ಚಿಯ ಮೇಲೆ ನಿಂತಿತು.

ಸುನಿಲಕುಮಾರ ಸರ್ ಇನ್ನೂ ಏದುಸಿರು ಬಿಡುತ್ತಿದ್ದರು. ಎದ್ದು ಕೈ ಕಟ್ಟಿ ನಿಂತು, "ತಪ್ಪಾತ್ರಿ ಅಮ್ಮಾ, ಇನ್ನೊಮ್ಮೆ ಮಾಡೂದಿಲ್ಲ" ಎಂದರು.